ಹನ್ನೊಂದು ಕೈ

ಸಾಲಿನಲ್ಲಿ ನಿಂತವರು ಹೆಚ್ಚಾದಷ್ಟೂ ಒಬ್ಬೊಬ್ಬರೂ ಕಾಯುವ ಹೊತ್ತು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಂಬುವಿರಾ? ರೇಷನ್ ಅಂಗಡಿಯ ಮುಂದೆ ಜೀವನದಲ್ಲಿ ಒಂದು ಸಲ ನಿಂತವರೂ ನಂಬುವುದಿಲ್ಲ. ನಾನು ನಂಬಿದೆ. ಓದಿದವಳು ಬೇರೆ. ಒಂದೂವರೆ ವರ್ಷ, ತಿಳಿಯದೆಯೇ, ಹಾಗೆ ಹೇಳುವ ಅಂಕಿಯೊಂದನ್ನು ನಂಬಿ, ಇನ್ನೊಬ್ಬರಿಗೂ ನಂಬಿಸಿ, ಭೇಷ್ ಎಂದು ಬೆನ್ನು ತಟ್ಟಿಸಿಕೊಂಡೆ.

ನನ್ನ ಹೆಸರು ಮಹಾನಂದಾ ಗುಡೂರ. ಇಳಕಲ್ಲಿನ ಉಸಿರು ಕೇಂದ್ರದಲ್ಲಿ ಪರೀಕ್ಷಕಿ. ಕೇಂದ್ರದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮೂರಿನ ಕೆಂಪು ಕಲ್ಲು ಎಲ್ಲೆಲ್ಲಿಯೋ ದೊಡ್ಡವರ ಮನೆಯ ನೆಲದಲ್ಲಿ ಹೊಳೆಯುತ್ತದೆ. ಅದನ್ನು ಉಜ್ಜಿ ಹೊಳೆಯಿಸಿದವರ ಎದೆಯೊಳಗೆ ಅದರ ಪುಡಿ ಕೂತಿದೆ. ಇಪ್ಪತ್ತು ಮೂವತ್ತು ವರ್ಷ ಪಾಲಿಶ್ ಶೆಡ್ಡಿನಲ್ಲಿ ದುಡಿದವರ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಅಂಥವರಿಗೆ ಕೂತಾಗ ಒಂದು ಅಳತೆಯ ಗಾಳಿ ಬೇಕು, ಎದ್ದಾಗ ಇನ್ನೊಂದು, ನಡೆದಾಗ ಮತ್ತೊಂದು. ಇದಕ್ಕಾಗಿ ಬಂದದ್ದು ಉಸಿರುಪಟ್ಟಿ. ಎದೆಗೆ ಕಟ್ಟಿಕೊಳ್ಳುವ ಅಂಗೈಯಗಲದ ಪಟ್ಟಿ, ಅದರಿಂದ ಮೂಗಿಗೆ ಒಂದು ತೆಳ್ಳನೆಯ ನಳಿಗೆ.

ಪಟ್ಟಿಗೆ ತಲೆಯಿಲ್ಲ. ತಲೆ ಇರುವುದು ಕೇಂದ್ರದಲ್ಲಿ. ಪಟ್ಟಿ ಕಟ್ಟಿಕೊಂಡು ಕೂತವರು ಎದ್ದರೆ ಸಾಕು, ಅದು ಎದೆಯ ಸ್ಥಿತಿಯನ್ನೆಲ್ಲ ಕೇಂದ್ರಕ್ಕೆ ಕಳಿಸಿ, ಈಗ ಎಷ್ಟು ಗಾಳಿ ಕೊಡಲಿ ಎಂದು ಕೇಳುತ್ತದೆ. ಕೇಳುವಾಗ ಪಟ್ಟಿಯ ಮೇಲೊಂದು ಹಳದಿ ದೀಪ ಹತ್ತುತ್ತದೆ. ಕೇಂದ್ರದ ಗಣಕ ಲೆಕ್ಕ ಹಾಕಿ ಉತ್ತರ ಕೊಟ್ಟ ಮೇಲೆ ದೀಪ ಹಸಿರಾಗುತ್ತದೆ, ಗಾಳಿ ಏರುತ್ತದೆ. ಅಲ್ಲಿಯ ತನಕ ಹಳೆಯ ಅಳತೆಯೇ ಗತಿ. ಹಳದಿ ದೀಪ ಮೂರು ಸೆಕೆಂಡು ದಾಟಬಾರದು ಎಂಬುದು ಡಾಕ್ಟರರ ಕಟ್ಟಪ್ಪಣೆ. ನಿಂತ ಮನುಷ್ಯನಿಗೆ ಕೂತ ಮನುಷ್ಯನ ಗಾಳಿ ಕೊಟ್ಟು ಬಹಳ ಹೊತ್ತು ನಿಲ್ಲಿಸಿದರೆ ಆತ ಬೀಳುತ್ತಾನೆ, ಇನ್ನೂ ನಿಲ್ಲಿಸಿದರೆ ಏಳುವುದಿಲ್ಲ.

ಆ ಮೂರು ಸೆಕೆಂಡನ್ನು ಕಾಯುವುದು ನನ್ನ ಕೆಲಸ. ನಿಜವಾದ ಪಟ್ಟಿಗಳು ಆರು ನೂರು ಇದ್ದವು. ಎರಡು ಸಾವಿರ ಆದರೆ ಯಂತ್ರ ತಡೆದೀತೇ ಎಂದು ತಿಳಿಯಲು ಎರಡು ಸಾವಿರ ರೋಗಿಗಳನ್ನು ಕರೆದು ಎದ್ದು ಕೂತು ಮಾಡಿ ಎನ್ನಲಾಗುತ್ತದೆಯೇ? ಅದಕ್ಕೆ ಗಣಕದಲ್ಲೇ ಸುಳ್ಳು ಪಟ್ಟಿಗಳನ್ನು ಹುಟ್ಟಿಸುತ್ತೇವೆ. ಅವಕ್ಕೆ ನೆರಳುಪಟ್ಟಿ ಎನ್ನುತ್ತೇವೆ. ನಿಜವಾದವು ಕೇಳುವ ಹಾಗೇ ಅವೂ ಕೇಳುತ್ತವೆ. ಕೇಳಿದ ಕ್ಷಣ ಗಡಿಯಾರ ಎಷ್ಟಿತ್ತು ಎಂಬುದನ್ನು ನನ್ನ ಸ್ಕ್ರಿಪ್ಟು, ಎಂದರೆ ಗಣಕಕ್ಕೆ ನಾನು ಬರೆದಿಟ್ಟ ಆಜ್ಞೆಗಳ ಸಾಲು, 'ಶುರು' ಎಂಬ ಚರಾಂಶದಲ್ಲಿ ಇಡುತ್ತದೆ. ಉತ್ತರ ಬಂದ ಕ್ಷಣವನ್ನು 'ಮುಗಿತು' ಎಂಬ ಚರಾಂಶದಲ್ಲಿ ಇಡುತ್ತದೆ. ಚರಾಂಶ ಎಂದರೆ ಹೆಸರು ಬರೆದಿಟ್ಟ ಒಂದು ಡಬ್ಬಿ, ಅಷ್ಟೇ. ಮುಗಿತು ಡಬ್ಬಿಯಿಂದ ಶುರು ಡಬ್ಬಿಯನ್ನು ಕಳೆದರೆ ಕಾದ ಹೊತ್ತು ಬಂತು. ಎರಡನೇ ಇಯತ್ತೆಯ ಕಳೆಯುವ ಲೆಕ್ಕ. ಕೇಂದ್ರದ ಗೋಡೆಯ ಮೇಲೆ ದೊಡ್ಡದಾಗಿ ಕಾಣುವ ಅಂಕಿಯೂ ಇದೇ ಸ್ಕ್ರಿಪ್ಟಿನಿಂದ ಬರುತ್ತಿತ್ತು. ಆರು ನೂರು ಪಟ್ಟಿಗಳಿಗೆ ಅದು ಅರ್ಧ ಸೆಕೆಂಡಿನ ಆಚೆ ಈಚೆ ಆಡುತ್ತಿತ್ತು.

ಒಂದನೇ ನಂಬರಿನ ಪಟ್ಟಿ ನಮ್ಮಪ್ಪನದು. ಪರಸಪ್ಪ ಗುಡೂರ, ಮೂವತ್ತೊಂದು ವರ್ಷ ಕಲ್ಲು ಉಜ್ಜಿದವನು. ಐದು ವರ್ಷದ ಹಿಂದೆ, ಊರಲ್ಲಿ ಯಾರೂ ಆ ಪಟ್ಟಿ ಕಟ್ಟಿಕೊಳ್ಳಲು ಧೈರ್ಯ ಮಾಡದಿದ್ದಾಗ, ಮಗಳ ಯಂತ್ರ ಎಂದು ಮುಂದೆ ಬಂದು ಎದೆ ಕೊಟ್ಟವನು.

ಗೊಂದಲ ಶುರುವಾದದ್ದು ಒಂದು ಗುರುವಾರ. ಸೋಮವಾರ ಇನ್ನೂ ಹದಿನೆಂಟು ನೂರು ಜನರಿಗೆ ಪಟ್ಟಿ ಕಟ್ಟುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು, ಯಂತ್ರ ತಡೆಯುತ್ತದೆ ಎಂದು ಶನಿವಾರ ಸಂಜೆಯೊಳಗೆ ನಾನು ಸಹಿ ಹಾಕಬೇಕು. ಒಂದೇ ಒಂದು ನೆರಳುಪಟ್ಟಿ ಬಿಟ್ಟೆ. ಮುಕ್ಕಾಲು ಸೆಕೆಂಡು ಬಂತು. ಆರು ನೂರು ಬಿಟ್ಟೆ. ಅರ್ಧ ಸೆಕೆಂಡು. ಹನ್ನೆರಡು ನೂರು ಬಿಟ್ಟೆ. ಕಾಲು ಸೆಕೆಂಡು. ಎರಡು ಸಾವಿರದ ನಾಲ್ಕು ನೂರು ಬಿಟ್ಟಾಗ ಸೆಕೆಂಡಿನ ಹತ್ತನೇ ಒಂದು ಪಾಲು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅಂಕಿ ಅದೇ ಇತ್ತು.

ಪಕ್ಕದಲ್ಲಿ ರಿಯಾಜ್ ನದಾಫ ಇದ್ದ. ಪಟ್ಟಿಗಳ ಪ್ರಶ್ನೆಗಳನ್ನು ಸಾಲಾಗಿ ನಿಲ್ಲಿಸಿ ಗಣಕಕ್ಕೆ ಕೊಡುವ ಭಾಗವನ್ನು ಕಟ್ಟಿದವನು ಅವನೇ.

"ಅಕ್ಕಾ, ಈ ಯಂತ್ರ ಕಟ್ಟಿದಾವ ನಾನು. ನನಗ ತಿಳಿಯವಲ್ದು," ಎಂದ. "ಮಂದಿ ಹೆಚ್ಚಾದ್ರ ತಡಾ ಆಗಬೇಕು. ಇದು ಉಲ್ಟಾ ಓಡಾಕತ್ತೈತಿ."

"ಗಡಿಯಾರ ಬರೋಬ್ಬರಿ ಐತೇನು ನೋಡು."

ಗಡಿಯಾರ ಸರಿಯಿತ್ತು. ಉತ್ತರಗಳು ಖಾಲಿ ಬರುತ್ತಿವೆಯೇ ಎಂದು ನೋಡಿದೆವು. ಎಲ್ಲ ಉತ್ತರಗಳೂ ಸರಿಯಾಗಿಯೇ ಇದ್ದವು. ಹಟಕ್ಕೆ ಬಿದ್ದು ಐದು ಸಾವಿರಕ್ಕೆ ಏರಿಸಿದೆ. ಅಂಕಿ ಇನ್ನೂ ಇಳಿಯಿತು.

"ಇನ್ನಷ್ಟು ಏರಿಸಿದ್ರ ಕೇಳೂಕಿಂತ ಮೊದಲ ಉತ್ತರ ಬರ್ತೈತೇನು?" ಎಂದ ರಿಯಾಜ್. ಇಬ್ಬರೂ ನಕ್ಕೆವು.

ನಿರ್ದೇಶಕ ಜಾಲಿಹಾಳ ಸರ್ ಬಂದು ನೋಡಿದವರೇ ಖುಷಿಯಾದರು. ಒಳ್ಳೆಯ ಮನುಷ್ಯ, ಪಟ್ಟಿ ಸಿಗದೆ ಸತ್ತವರ ಮನೆಗೆಲ್ಲ ಹೋಗಿ ಕೂತು ಬಂದವರು. "ಗಾಬರಿ ಯಾಕ? ಯಂತ್ರ ಪಳಗ್ಯದ," ಎಂದರು. "ದನಾನೂ ಹಂಗ. ಗಾಡಿ ಖಾಲಿ ಇದ್ರ ಆಕಳಿಸ್ತಾವ, ಭಾರ ಹೇರಿದ್ರ ಹೆಜ್ಜಿ ಹಾಕ್ತಾವ." ಅವರ ಮಾತು ಕೇಳಲು ಚೆನ್ನಾಗಿತ್ತು. ನನ್ನ ತಲೆಯೊಳಗೆ ಮಾತ್ರ ಅದು ಎಲ್ಲೂ ಕೂರಲಿಲ್ಲ.

ಸಂಜೆ ಮನೆಗೆ ಬಂದೆ. ಅಪ್ಪನ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಅವ್ವ ಮೂರು ಸ್ಟೂಲು ಇಟ್ಟಿದ್ದಳು. ಅವು ಅಲ್ಲಿ ಯಾವಾಗ ಬಂದವೋ ಗೊತ್ತಿಲ್ಲ, ಒಂದು ವರ್ಷದಿಂದ ನಾನು ದಿನಾ ಎಡವುತ್ತಿದ್ದೆ. ಅವತ್ತೂ ಎಡವಿ, "ಇವನ್ನ ಇಲ್ಲಿ ಯಾಕ ಇಡ್ತೀಯವ್ವಾ?" ಎಂದು ರೇಗಿದೆ.

"ಇರಲಿ ಬಿಡು," ಎಂದಳು ಅವ್ವ ನೀಲವ್ವ. ಒಲೆಯ ಕಡೆ ತಿರುಗಿ, "ಮಧ್ಯಾನ್ದಾಗ ನಿಮ್ಮಪ್ಪಗ ಆ ಹಳದಿ ದೀಪ ಭಾಳೊತ್ತು ಇರ್ತೈತಿ," ಎಂದು ಸೇರಿಸಿದಳು.

"ಏನಿಲ್ಲ, ಸುಮ್ನಿರು," ಎಂದ ಅಪ್ಪ. "ನನ್ನ ಎಣಿಕಿ ಕೆಟ್ಟೈತಿ."

ಇದನ್ನು ಕೇಳಿ ನನಗೆ ಹಿಂದಿನದೊಂದು ನೆನಪಾಯಿತು. ಒಂದು ವರ್ಷದ ಕೆಳಗೆ ಅಪ್ಪ, "ನಂದಾ, ಅರ್ಧ ಸೆಕೆಂಡ್ ಅಂದ್ರ ಎಷ್ಟ ಕೈ ಆಕ್ಕೈತಿ?" ಎಂದು ಕೇಳಿದ್ದ. ಕೈ ಎಂದರೆ ಶೆಡ್ಡಿನ ಮಾತು. ಉಜ್ಜುವ ಗುಂಡನ್ನು ಕಲ್ಲಿನ ಮೇಲೆ ಒಮ್ಮೆ ಆ ಕಡೆ ಈ ಕಡೆ ಆಡಿಸಿದರೆ ಒಂದು ಕೈ. "ಒಂದೂ ಪೂರಾ ಆಗೂದಿಲ್ಲ ಅಪ್ಪಾ," ಎಂದು ನಕ್ಕಿದ್ದೆ. ಅಪ್ಪ ಮತ್ತೆ ಕೇಳಿರಲಿಲ್ಲ. ಅದೇ ಸುಮಾರಿಗೆ ಅವನು ಬೆಳಗಿನ ಚಹಾ ಮಾಡುವುದನ್ನೂ ಬಿಟ್ಟ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯ ಬೆಳಗಿನ ಚಹಾ ಅಪ್ಪನದೇ. ಇಷ್ಟು ಕೈ ಕುದಿಯಬೇಕು ಎಂದು ಎಣಿಸಿ ಇಳಿಸುತ್ತಿದ್ದ, ಒಂದು ದಿನವೂ ರುಚಿ ಆಚೀಚೆ ಆಗುತ್ತಿರಲಿಲ್ಲ. ಒಲೆಯ ಹಬೆ ಎದೆಗೆ ಆಗಿಬರುವುದಿಲ್ಲವೇನೋ ಎಂದು ನಾನು ಸುಮ್ಮನಾಗಿದ್ದೆ.

"ಎದ್ದು ನಿಲ್ಲಪ್ಪಾ, ನೋಡೂಣು," ಎಂದೆ. ಅಪ್ಪ ಎದ್ದ. ಹಳದಿ ಹತ್ತಿತು, ನಾನು ಮೊಬೈಲಿನ ಗಡಿಯಾರ ಒತ್ತುವಷ್ಟರಲ್ಲಿ ಹಸಿರಾಯಿತು. ಮೂರು ಸಲ ಹೀಗೇ ಆಯಿತು. ನಾನು ಅವ್ವನ ಮುಖ ನೋಡಿದೆ. ಅವ್ವ ರೊಟ್ಟಿ ತಿರುವಿ ಹಾಕಿದಳು. ಮುದುಕರಿಗೆ ಹೊತ್ತು ಉದ್ದವಾಗುತ್ತದೆ ಎಂದುಕೊಂಡು ನಾನು ಊಟಕ್ಕೆ ಕೂತೆ.

ಶುಕ್ರವಾರವಿಡೀ ಪರೀಕ್ಷೆ ಮಾಡಿದೆ. ಬೇರೆ ಗಣಕದಿಂದ ಮಾಡಿದೆ, ನೆರಳುಪಟ್ಟಿಗಳನ್ನು ಒಂದೊಂದಾಗಿ ಬಿಟ್ಟು ಮಾಡಿದೆ, ಒಟ್ಟಿಗೇ ಬಿಟ್ಟು ಮಾಡಿದೆ. ಭಾರ ಹೆಚ್ಚಿದಂತೆಲ್ಲ ಕಾಯುವ ಹೊತ್ತು ಇಳಿಯುತ್ತಲೇ ಹೋಯಿತು. ತಪ್ಪು ಎಲ್ಲಿದೆ ಎಂದು ತೋರಿಸಿದರೆ ತಿದ್ದಬಹುದು. ಎಲ್ಲವೂ ಬೇಕಾದ್ದಕ್ಕಿಂತ ಚೆನ್ನಾಗಿದ್ದರೆ ಏನು ಮಾಡುವುದು? ಪರೀಕ್ಷೆಯಲ್ಲಿ ನೂರಕ್ಕೆ ನೂರಿಪ್ಪತ್ತು ಬಂದವಳ ಹಾಗೆ ನಾನು ಮಂಕಾಗಿ ಕೂತಿದ್ದೆ.

ಶನಿವಾರ ಸಹಿಗೆ ನಾಲ್ಕು ಗಂಟೆ ಎಂದು ಗೊತ್ತಾಯಿತು. ಕೇಂದ್ರದ ಸಹಿ ಎಂದರೆ ಪೆನ್ನಿನದಲ್ಲ, ಬೆರಳುದ್ದದ ಒಂದು ಕೀಲಿ. ಅದನ್ನು ಗಣಕಕ್ಕೆ ಚುಚ್ಚಬೇಕು. ಚೀಲ ತಡಕಿದರೆ ಕೀಲಿ ಇಲ್ಲ, ಮನೆಯಲ್ಲೇ ಬಿಟ್ಟಿದ್ದೆ. ಬೈದುಕೊಳ್ಳುತ್ತ ಹನ್ನೆರಡೂವರೆಗೆ ಮನೆಗೆ ಹೋದೆ. ಎಷ್ಟೋ ತಿಂಗಳಿಂದ ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ. ರಜೆಯ ದಿನಗಳಲ್ಲೂ ಕೇಂದ್ರವೇ.

ಬಾಗಿಲು ತೆರೆದೇ ಇತ್ತು. ಅಪ್ಪ ನಡುಮನೆಯಲ್ಲಿ, ಎರಡನೇ ಸ್ಟೂಲಿನ ಮೇಲೆ ಒಂದು ಕೈಯೂರಿ, ಬಗ್ಗಿ ನಿಂತಿದ್ದ. ಎದೆಯ ಮೇಲೆ ಹಳದಿ ದೀಪ. ತುಟಿ ಅಲುಗುತ್ತಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಚಪ್ಪಲಿ ಬಿಟ್ಟು, ಚೀಲ ಇಳಿಸಿ, ಹತ್ತಿರ ಬರುವ ತನಕವೂ ದೀಪ ಹಳದಿಯೇ. ಆಮೇಲೆ ಹಸಿರಾಯಿತು. ಅಪ್ಪ ಒಂದು ದೊಡ್ಡ ಉಸಿರೆಳೆದು ನನ್ನನ್ನು ನೋಡಿದ, ಕದ್ದು ಸಿಕ್ಕಿಬಿದ್ದವನ ಹಾಗೆ.

"ಏನಿಲ್ಲವ್ವಾ. ನೀರಿಗೆ ಹೊಂಟಿದ್ದೆ," ಎಂದ.

ಸ್ಟೂಲುಗಳು ಯಾಕಿದ್ದವು ಎಂದು ನನಗೆ ಆಗ ತಿಳಿಯಿತು. ಅಪ್ಪನನ್ನು ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ರಿಯಾಜನಿಗೆ ಫೋನ್ ಹಚ್ಚಿದೆ.

"ರಿಯಾಜ್, ಗೋಡಿ ಮ್ಯಾಲಿನ ಅಂಕಿ ನೋಡಿ ಹೇಳ್ತಾ ಹೋಗು."

"ಪಾಯಿಂಟ್ ನಾಕು ಐತಕ್ಕಾ. ಯಾಕ?"

ಅಪ್ಪನಿಗೆ ಮೆಲ್ಲಗೆ ಎದ್ದು ನಿಲ್ಲಲು ಹೇಳಿ, ನಾನು ತೋಳು ಹಿಡಿದುಕೊಂಡೆ. ಹಳದಿ ಹತ್ತಿದಾಗ ಮೊಬೈಲಿನ ಗಡಿಯಾರ ಒತ್ತಿದೆ, ಹಸಿರಾದಾಗ ನಿಲ್ಲಿಸಿದೆ. ಎಂಟು ಪಾಯಿಂಟ್ ಎಂಟು ಸೆಕೆಂಡು.

"ಈಗ ಎಷ್ಟ ಐತಿ?"

"ಪಾಯಿಂಟ್ ನಾಕು. ಅಲುಗೇ ಇಲ್ಲ."

"ಅಲ್ಲಿ ನಮ್ಮಪ್ಪಂದು ಅಷ್ಟ ಬ್ಯಾರೆ ನೋಡಾಕ ಬರ್ತೈತೇನು?"

"ಯಾರ್ದೂ ಬ್ಯಾರೆ ಇಲ್ಲಲ್ಲಕ್ಕಾ. ಎಲ್ಲಾರ್ದೂ ಸೇರಿ ಒಂದ ಅಂಕಿ."

ಒಂದೇ ಕ್ಷಣ, ಒಂದೇ ಯಂತ್ರ, ಎರಡು ಹೊತ್ತು. ಗೋಡೆಯನ್ನು ನಂಬಲೇ, ಮೊಬೈಲನ್ನು ನಂಬಲೇ, ಅಪ್ಪನ ಬೂದಿ ಮುಖವನ್ನು ನಂಬಲೇ? ಗುರುವಾರ ಸಂಜೆ ಇದೇ ದೀಪ ರೆಪ್ಪೆ ಬಡಿಯುವುದರೊಳಗೆ ಹಸಿರಾಗಿತ್ತಲ್ಲ. ಆಗ ಹೊಳೆಯಿತು, ಸಂಜೆ ಪಟ್ಟಿಯವರೆಲ್ಲ ಒರಗಿ ಕೂತಿರುತ್ತಾರೆ, ಕೇಳುವವರು ಕಡಿಮೆ. ಮಧ್ಯಾಹ್ನ ಎಲ್ಲರೂ ಏಳುತ್ತಾರೆ, ಊಟಕ್ಕೆ ಕೂರುತ್ತಾರೆ, ಅಂಗಳಕ್ಕೆ ಹೋಗುತ್ತಾರೆ. ಹಾಗಾದರೆ ಭಾರ ಹೆಚ್ಚಿದಾಗ ತಡ ಆಗುತ್ತಲೇ ಇದೆ. ಆದರೆ ಅದು ನನ್ನ ಅಂಕಿಗೆ ಯಾಕೆ ಕಾಣುತ್ತಿಲ್ಲ?

ನೆಲದ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡೆ. ಅಪ್ಪ ಸ್ಟೂಲಿನ ಮೇಲೆ ಕೂತು ನನ್ನನ್ನು ನೋಡುತ್ತಿದ್ದ.

"ಎಷ್ಟ ಬಂತು?" ಎಂದು ಕೇಳಿದ.

"ಸುಮಾರು ಒಂಬತ್ತು ಸೆಕೆಂಡು."

"ಹನ್ನೊಂದು ಕೈ," ಎಂದ ಅಪ್ಪ. "ಮಧ್ಯಾನ್ದಾಗ ದಿನಾ ಅಷ್ಟ."

"ನೀ ಅಷ್ಟ ಬರೋಬ್ಬರಿ ಹೆಂಗ ಎಣಸ್ತಿ?"

ಅಪ್ಪ ಕೊಂಚ ಗೆಲುವಾದ. ಶೆಡ್ಡಿನ ಮಾತು ಬಂದರೆ ಅವನು ಹಾಗೇ. "ನಮ್ಮ ಶೆಡ್ಡಿನ್ಯಾಗ ಮೂಲಿ ಕೆಲಸ ಎಲ್ಲಾ ಕೈಲೇ. ಒಂದೊಂದು ಗುಂಡಿಗೆ ಇನ್ನೂರು ಕೈ. ಹದಿನಾರು ಮಂದಿ ಕುಂತಿರ್ತಿದ್ವಿ, ಆದ್ರ ಯಾರೂ ಬಾಯಿ ಬಿಟ್ಟು ಎಣಸಾಂಗಿರಲಿಲ್ಲ. ಒಳಗ ಎಣಸ್ಬೇಕು, ತಮ್ಮ ತಮ್ಮದು."

"ಯಾಕ?"

"ಒಬ್ಬ ಹೊಸಾ ಮಿಸ್ತ್ರಿ ಬಂದಿದ್ದ. ಕಾಳು ಅಳಿಯೋರ ಪೈಕಿ. ಅವರು ಒಂದು ಅನ್ನೂದಿಲ್ಲಲ್ಲ, ಲಾಭ ಅಂತ ಶುರು ಮಾಡ್ತಾರ. ಇವ ತನ್ನ ಕಲ್ಲು ಹಿಡಿದಾಗೊಮ್ಮೆ 'ಲಾಭ' ಅಂತ ಜೋರಾಗಿ ಒದರಾಂವ. ಅವ ಒದರಿದ ಅಂದ್ರ ನಮ್ಮ ನೂರು, ನೂರೈವತ್ತು ಎಲ್ಲಾ ಹಾರಿ ಹೋಗಿ, ನಾವೂ ಲಾಭದಿಂದ ಶುರು. ಮತ್ತ ನಾಕು ಕೈ ಆಗೂದ್ರಾಗ ಅವನ್ನ ನೋಡಿ ಇನ್ನೊಬ್ಬ ಒದರ್ತಿದ್ದ. ಅವತ್ತ ಹದಿನಾರು ಮಂದಿಗೂ ಕಲ್ಲಿನ ಮೂಲಿ ಸವದು ಹೋತು. ಯಾರನ್ನ ಕೇಳಿದ್ರೂ, ಇನ್ನೂ ಇಪ್ಪತ್ತ ಕೈ ಆಗಿಲ್ಲ ಅಂತಿದ್ರು." ಅಪ್ಪ ನಕ್ಕು ಕೆಮ್ಮಿದ. "ಮಂದಿ ಹೆಚ್ಚು ಕುಂತಷ್ಟೂ ಎಣಿಕಿ ಕಡಿಮಿ."

ನಾನು ತಲೆಯಿಂದ ಕೈ ತೆಗೆದೆ.

ಲ್ಯಾಪ್‌ಟಾಪನ್ನು ಅಲ್ಲೇ ನೆಲದ ಮೇಲೆ ತೆರೆದು ನನ್ನ ಸ್ಕ್ರಿಪ್ಟನ್ನು ಮೇಲಿನಿಂದ ಓದಿದೆ. ಬೇಕಾದ್ದು ನಾಲ್ಕನೇ ಸಾಲಿನಲ್ಲೇ ಇತ್ತು. ಶುರು ಎಂಬ ಡಬ್ಬಿಯನ್ನು ನಾನು ಇಟ್ಟಿದ್ದೇ ಒಂದು, ಎಲ್ಲರ ನಡುವೆ. ಅಪ್ಪನ ಪಟ್ಟಿ ಕೇಳಿದಾಗ ಡಬ್ಬಿಯಲ್ಲಿ ಅಪ್ಪನ ಹೊತ್ತು ಬೀಳುತ್ತದೆ. ಅಪ್ಪನಿಗೆ ಉತ್ತರ ಬರುವ ಮೊದಲೇ ಇನ್ನೊಬ್ಬರು ಕೇಳುತ್ತಾರೆ, ಅಪ್ಪನ ಹೊತ್ತು ಅಳಿಸಿ ಅವರದು ಬೀಳುತ್ತದೆ. ಆಮೇಲೆ ಮತ್ತೊಬ್ಬರು. ಕೊನೆಗೆ ಅಪ್ಪನಿಗೆ ಉತ್ತರ ಬಂದಾಗ ಸ್ಕ್ರಿಪ್ಟು ಕಳೆಯುವುದು ಅಪ್ಪನ ಶುರುವನ್ನಲ್ಲ, ಈಗಷ್ಟೇ ಬಂದು ನಿಂತ ಯಾರದೋ ಶುರುವನ್ನು. ಜನ ಹೆಚ್ಚಾದಷ್ಟೂ ಆ ಡಬ್ಬಿ ಬೇಗ ಬೇಗ ಹೊಸದಾಗುತ್ತದೆ. ಅಂಕಿ ಇಳಿಯುತ್ತದೆ. ನಾನು ಅಳೆಯುತ್ತಿದ್ದದ್ದು ಜನ ಕಾದ ಹೊತ್ತನ್ನಲ್ಲ, ಕೊನೆಯವರು ಬಂದು ಎಷ್ಟು ಹೊತ್ತಾಯಿತು ಎಂಬುದನ್ನು.

ಯಾಕೆ ಹಾಗೆ ಬರೆದೆ ಎಂದು ನನ್ನ ಮೇಲೆ ನಾನೇ ಹಲ್ಲು ಕಡಿಯುತ್ತಿರುವಾಗ ಸ್ಕ್ರಿಪ್ಟಿನ ತಲೆಯ ಮೇಲಿದ್ದ ತಾರೀಖು ಕಣ್ಣಿಗೆ ಬಿತ್ತು. ಐದು ವರ್ಷದ ಹಿಂದಿನದು. ಅವತ್ತು ಜಗತ್ತಿನಲ್ಲಿ ಒಂದೇ ಉಸಿರುಪಟ್ಟಿ ಇತ್ತು, ಅದು ಅಪ್ಪನ ಎದೆಯ ಮೇಲಿತ್ತು. ಒಬ್ಬನೇ ಮನುಷ್ಯನಿಗೆ ಒಂದೇ ಡಬ್ಬಿ ಸಾಕಾಗಿತ್ತು. ಒಂದೂವರೆ ವರ್ಷದ ಹಿಂದೆ ಅದನ್ನೇ ಆರು ನೂರು ಜನರಿಗೆ ಹಚ್ಚಿದೆ. ಅಪ್ಪನಿಗಾಗಿ ಬರೆದದ್ದು ಎಂಬ ಪ್ರೀತಿಯಿಂದ ಆ ಸಾಲುಗಳನ್ನು ಮತ್ತೆ ಮುಟ್ಟಿಯೂ ಇರಲಿಲ್ಲ.

ಎರಡು ಗಂಟೆಗೆ ಕೇಂದ್ರದಲ್ಲಿದ್ದೆ. ರಿಯಾಜನಿಗೆ ಹೇಳಿದಾಗ ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಪ್ರತಿ ಪಟ್ಟಿಗೂ ಅದರದೇ ನಂಬರಿನ ಒಂದು ಶುರು, ಒಂದು ಮುಗಿತು ಎಂದು ತಿದ್ದಿದೆ. ಮೊದಲು ಆರು ನೂರು ಬಿಟ್ಟೆವು. ಸರಾಸರಿ ನಾಲ್ಕು ಸೆಕೆಂಡು ಬಂತು. ಆಗಲೇ ಮಿತಿ ದಾಟಿತ್ತು. ಅಪ್ಪನ ಪಟ್ಟಿಯ ನೆರಳಾದ ಒಂದನೇ ನಂಬರಿಗೆ ಎಂಟು ಪಾಯಿಂಟ್ ಒಂಬತ್ತು. ಆಮೇಲೆ ಎರಡು ಸಾವಿರದ ನಾಲ್ಕು ನೂರು. ಅಂಕಿಗಳ ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಹೆಚ್ಚು ಕಾದವರ ಜಾಗದಲ್ಲಿ, ಮತ್ತೆ ಒಂದನೇ ನಂಬರು. ನಲವತ್ತೊಂದು ಸೆಕೆಂಡು.

"ಒಂದನೇದಕ್ಕ ಯಾಕ ಇಷ್ಟು?" ಎಂದು ಕೇಳಿದೆ.

ರಿಯಾಜ್ ತಾನು ಬರೆದ ಭಾಗವನ್ನು ಪರದೆಯ ಮೇಲೆ ತೆರೆದು, "ನಂದ ತಪ್ಪಕ್ಕಾ," ಎಂದ. "ಹೊಸದಾಗಿ ಪಟ್ಟಿ ಕಟ್ಟಿಕೊಂಡೋರ ಎದಿ ಯಂತ್ರಕ್ಕ ಇನ್ನೂ ಗುರ್ತ ಇರೂದಿಲ್ಲ. ಅದಕ್ಕ ಅವರಿಗೆ ಮೊದಲ ಉತ್ತರ ಕೊಡು ಅಂತ ಇಟ್ಟೇನಿ. ದೊಡ್ಡ ನಂಬರು ಮೊದಲು, ಸಣ್ಣ ನಂಬರು ಆಮ್ಯಾಲ. ಗೋಡಿ ಮ್ಯಾಲ ಅರ್ಧ ಸೆಕೆಂಡ್ ಇತ್ತಲ್ಲ. ಅರ್ಧ ಸೆಕೆಂಡಿನ್ಯಾಗ ಯಾರು ಹಿಂದ ಯಾರು ಮುಂದ, ಏನ ಫರಕ್ ಬೀಳ್ತೈತಿ ಅಂದ್ಕೊಂಡೆ."

ಅವನನ್ನು ಬೈಯಲು ನನಗೆ ಯಾವ ಮುಖವಿತ್ತು? ಆ ಅರ್ಧ ಸೆಕೆಂಡು ಅವನಿಗೆ ಕೊಟ್ಟವಳು ನಾನು. ಸೋಮವಾರ ಹದಿನೆಂಟು ನೂರು ಜನ ಅಪ್ಪನಿಗಿಂತ ಮುಂದೆ ನಿಲ್ಲುತ್ತಿದ್ದರು. ಅಪ್ಪ ನೀರು ಕುಡಿಯಲು ಎದ್ದು, ಎರಡನೇ ಸ್ಟೂಲು ಹಿಡಿದು, ನಲವತ್ತೊಂದು ಸೆಕೆಂಡು ನಿಲ್ಲುತ್ತಿದ್ದ. ಅಲ್ಲ, ನಿಲ್ಲುತ್ತಿರಲಿಲ್ಲ, ಬೀಳುತ್ತಿದ್ದ. ಗೋಡೆಯ ಮೇಲೆ ಆಗ ಸೆಕೆಂಡಿನ ಹತ್ತನೇ ಒಂದು ಪಾಲು ಎಂದು ಇರುತ್ತಿತ್ತು.

ನಾಲ್ಕಕ್ಕೆ ಜಾಲಿಹಾಳ ಸರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. "ಕೀಲಿ ಚುಚ್ಚಿದಿ ಏನು?" ಎಂದರು. ನಾನು ಹೊಸ ಅಂಕಿ ತೋರಿಸಿದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

"ನಿನ್ನೆತನಾ ಪಾಯಿಂಟ್ ಒಂದು ಅಂದಿ. ಇವತ್ತ ನಲವತ್ತೊಂದು ಅಂತಿ. ನಾ ಯಾವ ಮಹಾನಂದಾನ್ನ ನಂಬಲಿ?"

"ಇವತ್ತಿನಾಕಿನ್ನ ನಂಬ್ರಿ ಸರ್. ನಿನ್ನಿನಾಕಿ ಅಳದದ್ದ ತಪ್ಪು."

"ಹದಿನೆಂಟು ನೂರು ಮಂದಿಗೆ ಸೋಮವಾರ ಅಂತ ಹೇಳಿ ಆಗ್ಯದ. ಅದ್ರಾಗ ಎಷ್ಟು ಮಂದಿ ಇನ್ನೊಂದು ತಿಂಗಳ ತಡೀತಾರೋ ನನಗ ಗೊತ್ತಿಲ್ಲ. ಒಂದೀಟು ಸೆಕೆಂಡ್ ಹೆಚ್ಚಾದ್ರ ನಡಿಯಾಂಗಿಲ್ಲೇನು? ನಲವತ್ತೊಂದು ಸೆಕೆಂಡ್ ಅಂದ್ರ ಎಷ್ಟ ಮಹಾ?"

ಅವರು ಕೆಟ್ಟದ್ದಕ್ಕೆ ಕೇಳಲಿಲ್ಲ. ನಿಜಕ್ಕೂ ಅವರಿಗೆ ತಿಳಿದಿರಲಿಲ್ಲ. ನನಗೂ ಮಧ್ಯಾಹ್ನದ ತನಕ ತಿಳಿದಿರಲಿಲ್ಲ.

"ಸರ್, ಮೆಟ್ಟಲ ಹತ್ತಿ ಬಂದೀರಿ. ಹಿಂಗ ನಿಂತ, ಉಸಿರು ಹಿಡೀರಿ," ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ ಮುಚ್ಚಿ, ಉಸಿರು ಹಿಡಿದರು. ನಾನು ಮೇಜಿನ ಮೇಲೆ ಅಂಗೈಯನ್ನು ಆ ಕಡೆ ಈ ಕಡೆ ಉಜ್ಜುತ್ತ, ಒಳಗೊಳಗೇ ಎಣಿಸಿದೆ. ಹತ್ತು ಕೈ ಆಯಿತು, ಅವರು ಮುಗುಳ್ನಕ್ಕರು. ಇಪ್ಪತ್ತಕ್ಕೆ ಕುರ್ಚಿಯ ಬೆನ್ನು ಹಿಡಿದರು. ಇಪ್ಪತ್ತೇಳನೇ ಕೈಗೆ ಬುಸ್ ಎಂದು ಉಸಿರು ಬಿಟ್ಟು ಕೂತುಬಿಟ್ಟರು.

"ಎಷ್ಟಾತು?"

"ನಲವತ್ತೊಂದರಾಗ ಅರ್ಧ ಚಿಲ್ಲರ, ಸರ್. ಇಪ್ಪತ್ತೆರಡು ಸೆಕೆಂಡು."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಸೋಮವಾರದ ಆದೇಶದ ಕಾಗದವನ್ನು ತಿರುಗಿಸಿ, ಹಿಂಬದಿಯಲ್ಲಿ, ಗಣಕಗಳನ್ನು ಎಂಟು ಪಟ್ಟು ಮಾಡುವ ತನಕ ಹೊಸ ಪಟ್ಟಿ ಇಲ್ಲ ಎಂದು ಬರೆದರು. "ಆ ಮಂದಿಗೆ ಹೇಳೂದು ಮಾತ್ರ ನಿನ್ನ ಕೆಲಸ ಅಲ್ಲ, ನಂದು," ಎಂದು ಎದ್ದು ಹೋದರು.

ರಿಯಾಜ್ ಅವತ್ತೇ ಸಾಲಿನ ಕ್ರಮ ಬದಲಿಸಿದ. ಯಾರ ಶುರು ಎಲ್ಲರಿಗಿಂತ ಹಳೆಯದೋ ಅವರಿಗೆ ಮೊದಲ ಉತ್ತರ. ಈಗ ಒಬ್ಬೊಬ್ಬರಿಗೂ ಅವರದೇ ಶುರು ಇತ್ತಲ್ಲ, ಅದಕ್ಕೇ ಅದು ಸಾಧ್ಯವಾಯಿತು. ಅಪ್ಪನ ಒಂಬತ್ತು ಸೆಕೆಂಡು ನಾಲ್ಕೂವರೆಗೆ ಇಳಿಯಿತು, ಹೊಸಬರದು ಅಷ್ಟಕ್ಕೇ ಏರಿತು. ಗೋಡೆಯ ಮೇಲಿನ ಅಂಕಿ ಪಾಯಿಂಟ್ ನಾಲ್ಕು ಇದ್ದದ್ದು ನಾಲ್ಕು ಪಾಯಿಂಟ್ ಮೂರು ಆಯಿತು. ಕೆಂಪು ಬಣ್ಣಕ್ಕೂ ತಿರುಗಿತು. ನೋಡಿದವರು, ಇದೇನು ಯಂತ್ರ ಒಂದೇ ದಿನಕ್ಕೆ ಇಷ್ಟು ಕೆಟ್ಟಿತು ಎಂದು ಕೇಳಿದರು. ಅದು ಯಾವತ್ತೂ ಇಷ್ಟೇ ಕೆಟ್ಟಿತ್ತು, ಈಗ ನಿಜ ಹೇಳುತ್ತಿದೆ ಎಂದರೆ ಯಾರಿಗೂ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತು ಎಲ್ಲರೂ ಒಟ್ಟಿಗೆ ಏಳಬೇಡಿ, ಎದ್ದ ಮೇಲೆ ಏನನ್ನಾದರೂ ಹಿಡಿದು ನಿಲ್ಲಿ ಎಂದು ಆರು ನೂರು ಮನೆಗೂ ತಿಳಿಸಿದೆವು. ಎಷ್ಟೋ ಮನೆಗಳಲ್ಲಿ ಸ್ಟೂಲುಗಳು ಆಗಲೇ ಇದ್ದವಂತೆ. ನಮಗೆ ಹೇಳಿದವರು ಒಬ್ಬರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನ ಮಂಚದ ಅಂಚಿನಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ, ಡಬ್ಬಿಯ ಕಥೆ, ಮಿಸ್ತ್ರಿಯ ಕಥೆ, ನಲವತ್ತೊಂದು. ಕೊನೆಗೆ ಕೇಳಲೇಬೇಕಾದ್ದನ್ನು ಕೇಳಿದೆ.

"ಒಂದೂವರಿ ವರ್ಷ ಹನ್ನೊಂದು ಕೈ ನಿಂತೀಯಲ್ಲಪ್ಪಾ. ಯಾಕ ಹೇಳಲಿಲ್ಲ?"

"ಕೇಳಿದ್ದೆನಲ್ಲ. ಅರ್ಧ ಸೆಕೆಂಡಿಗೆ ಎಷ್ಟ ಕೈ ಅಂತ."

"ಒಂದೂ ಆಗೂದಿಲ್ಲ ಅಂದಿದ್ದೆ."

"ಹೂಂ. ನೀನ ಅಂದಿ ಅಂದ ಮ್ಯಾಲ ಬರೋಬ್ಬರಿ ಇರಬೇಕು ಅಂದ್ಕೊಂಡೆ. ಮೂವತ್ತೊಂದು ವರ್ಷ ಎಣಿಸಿದ್ದು ಕೆಟ್ಟು ಹೋತು, ವಯಸ್ಸಾತು ಅಂತ ತಿಳದೆ." ಅಪ್ಪ ತನ್ನ ಅಂಗೈ ನೋಡಿಕೊಂಡ. "ಒಂದಿನ ಚಹಾಕ್ಕ ಇಟ್ಟು ಎಣಸಾಕತ್ತೆ. ಈ ಕೈ ಖರೇನೋ ಸುಳ್ಳೋ ಅಂತ ಅನುಮಾನ ಬಂತು. ಅವತ್ತಿಂದ ಬಿಟ್ಟೆ."

ನನಗೆ ಅಳು ಬಂತು. ಉಸಿರು ತಡವಾದದ್ದಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು. ಅಪ್ಪನ ಹೊತ್ತನ್ನಷ್ಟೇ ನನ್ನ ಸ್ಕ್ರಿಪ್ಟು ಅಳಿಸುತ್ತಿತ್ತು ಎಂದುಕೊಂಡಿದ್ದೆ. ಅಪ್ಪನಿಗೆ ಅವನ ಎಣಿಕೆಯ ಮೇಲಿದ್ದ ನಂಬಿಕೆಯನ್ನೂ ಅದು ಅಳಿಸಿತ್ತು.

ಅಪ್ಪ ನನ್ನ ಅಳುವನ್ನು ನೋಡಿಯೂ ನೋಡದಂತೆ ಇದ್ದ. "ಹಂಗಂದ್ರ ನನ್ನ ಹನ್ನೊಂದು ಬರೋಬ್ಬರಿ ಇತ್ತು," ಎಂದ, ಪ್ರಶ್ನೆಯೋ ಅಲ್ಲವೋ ತಿಳಿಯದ ಧ್ವನಿಯಲ್ಲಿ.

"ಬರೋಬ್ಬರಿ ಇತ್ತಪ್ಪಾ. ಕೇಂದ್ರದಾಗ ಅದೊಂದ ಬರೋಬ್ಬರಿ ಇತ್ತು."

ಅಪ್ಪ ಮಂಚದಿಂದ ಕಾಲಿಳಿಸಿದ. ಎದ್ದು ನಿಂತ, ಹಳದಿ ಹತ್ತಿತು, ಹಸಿರಾಯಿತು. ಮೊದಲ ಸ್ಟೂಲು ದಾಟಿ ಅಡುಗೆಮನೆಗೆ ಹೋದ. ನಾನು ಹಿಂದೆಯೇ ಹೋದೆ. ಅವ್ವ ಏನೂ ಕೇಳದೆ ಒಲೆಯ ಮುಂದಿನಿಂದ ಸರಿದು ನಿಂತಳು. ಅಪ್ಪ ಪಾತ್ರೆಗೆ ನೀರು ಹಾಕಿ, ಉರಿ ಹಚ್ಚಿ, ಚಹಾಪುಡಿ, ಶುಂಠಿ ಹಾಕಿದ. ನೀರು ಕುದಿ ಬಂದಾಗ ಅವನ ತುಟಿ ಅಲುಗಲು ಶುರುವಾಯಿತು, ಬಲಗೈ ಗಾಳಿಯಲ್ಲೇ ಮೆಲ್ಲಗೆ ಆ ಕಡೆ ಈ ಕಡೆ ಆಡಿತು.

ಅಷ್ಟರಲ್ಲಿ ಪಟ್ಟಿ ಮತ್ತೆ ಹಳದಿಯಾಯಿತು. ಅಪ್ಪನ ಕೈ ನಿಂತಿತು. ಗೋಡೆಗೆ ಒರಗಿ, ದೀಪದ ಕಡೆ ಒಮ್ಮೆ, ಪಾತ್ರೆಯ ಕಡೆ ಒಮ್ಮೆ ನೋಡಿ ನನ್ನನ್ನು ಕರೆದ.

"ಮೂವತ್ತನಾಕು ಆಗೈತಿ. ಚಹಾದ್ದು ನೀ ಹಿಡಿ. ದೀಪದ್ದು ನಾ ಹಿಡೀತೇನಿ."

"ಮೂವತ್ತೈದು," ಎಂದೆ.

"ಬಾಯಿ ಬಿಟ್ಟು ಎಣಸಬ್ಯಾಡ," ಎಂದ ಅಪ್ಪ.

ನಾನು ತುಟಿ ಮುಚ್ಚಿಕೊಂಡು ಎಣಿಸಿದೆ.